ಆರಿಸುವವನು ಮತ್ತು ನಡೆಯುವವನು

ಚಾರಣಕ್ಕೆ ಹಾದಿ ಆರಿಸುವವನು ಒಬ್ಬ, ನಡೆಯುವವನು ಇನ್ನೊಬ್ಬ. ಇಬ್ಬರೂ ನಾನೇ ಆಗಿರುವುದು ಫಜೀತಿಯ ಮೂಲ. ಮೊದಲನೆಯವನು ರಾತ್ರಿ ಊಟ ಮುಗಿಸಿ, ದಿಂಬಿಗೆ ಒರಗಿ, ರಾಷ್ಟ್ರೀಯ ಉದ್ಯಾನದ ನಕ್ಷೆಯನ್ನು ಹಾಸಿಗೆಯ ತುಂಬ ಹರಡಿಕೊಳ್ಳುತ್ತಾನೆ. ಅವನ ತೋರುಬೆರಳಿಗೆ ಏದುಸಿರು ಎಂಬುದೇ ಗೊತ್ತಿಲ್ಲ. ಕಣಿವೆಯಿಂದ ಹೊರಟು, ಎರಡು ಹೊಳೆ ದಾಟಿ, ಕ್ಷಣದಲ್ಲಿ ಶಿಖರದ ಮೇಲೆ ನಿಂತುಬಿಡುತ್ತದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನಕ್ಷೆಯ ಬೆಟ್ಟವಂತೂ ಮಡಚಿ ಜೇಬಿಗೆ ಹಾಕಿಕೊಳ್ಳುವಷ್ಟು ನುಣ್ಣಗೆ.

ನಕ್ಷೆ ಸುಳ್ಳು ಹೇಳುವುದಿಲ್ಲ, ಪಾಪ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ದೂರದೂರವಿದ್ದರೆ ನೆಲ ಸೌಮ್ಯ, ಒತ್ತೊತ್ತಾಗಿದ್ದರೆ ಕಡಿದಾದ ಏರು ಎಂದು ಶಾಲೆಯಲ್ಲೇ ಕಲಿತಿದ್ದೆ. ಆದರೆ ಆ ಒತ್ತು ಗೆರೆಗಳು ನನಗೆ ಬೆರಳಚ್ಚಿನಂತೆ ಚೆಂದ ಕಂಡವೇ ಹೊರತು ಎಚ್ಚರಿಕೆಯಂತೆ ಕಾಣಲಿಲ್ಲ. ನಾನು ನೋಡುತ್ತಿದ್ದುದು ಕಿಲೋಮೀಟರನ್ನು ಮಾತ್ರ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿದ್ದಾನೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಮೇಲಕ್ಕೇರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಅಂದರೆ 10 ಕಿಲೋಮೀಟರಿನ ಹಾದಿ 1,200 ಮೀಟರ್ ಏರುವುದಾದರೆ ಎರಡು ಗಂಟೆಯ ನಡಿಗೆ ನಾಲ್ಕು ಗಂಟೆಯಾಯಿತು. ಸಡಿಲವಾಗದ ಶೂ ಲೇಸನ್ನು ಬಗ್ಗಿ ಬಗ್ಗಿ ಕಟ್ಟುತ್ತ ಉಸಿರು ಕದಿಯುವ ನನ್ನಂಥವರನ್ನು ಆ ಪುಣ್ಯಾತ್ಮ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇನ್ನು ಸುಲಭ, ಮಧ್ಯಮ, ಕಠಿಣ ಎಂಬ ಹಣೆಪಟ್ಟಿಗಳು. ಇವುಗಳಲ್ಲಿ ನಾನು ನಂಬದಿರುವುದು 'ಮಧ್ಯಮ'ವನ್ನು. ಯಾರ ಮಂಡಿಗೆ ಮಧ್ಯಮ? ಆದರೂ ಅದನ್ನೇ ಆರಿಸುತ್ತೇನೆ. ಕಠಿಣಕ್ಕೆ ಧೈರ್ಯವಿಲ್ಲ, ಸುಲಭದ ಮೇಲೆ ಬೆರಳಿಡಲು ನಾಚಿಕೆ.

ಕೆಲವು ಹಾದಿಗಳು ನಮ್ಮ ಆಯ್ಕೆಗೇ ಸಿಗುವುದಿಲ್ಲ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಹಾಫ್ ಡೋಮ್ ಎಂಬ ಬೋಳುಬಂಡೆಯಿದೆ. 1919ರಲ್ಲಿ ಅಳವಡಿಸಿದ ತಂತಿಹಗ್ಗಗಳ ದಾರಿಯನ್ನೇ ಹಿಡಿದು ಜನ ಇಂದಿಗೂ ಅದರ ನೆತ್ತಿ ತಲುಪುತ್ತಾರೆ. ಆ ತಂತಿ ಮುಟ್ಟಲು ಅನುಮತಿ ಬೇಕು, ಅನುಮತಿಗೆ ಲಾಟರಿಯಲ್ಲಿ ಹೆಸರು ಬರಬೇಕು. ನನ್ನ ಮಟ್ಟಿಗೆ ಇದಕ್ಕಿಂತ ನಾಗರಿಕ ವ್ಯವಸ್ಥೆ ಇನ್ನೊಂದಿಲ್ಲ. ಅರ್ಜಿ ಹಾಕಿ ಹೆಸರು ಬರದಿದ್ದರೆ ಹತ್ತುವ ಕಷ್ಟವಿಲ್ಲದೆಯೇ ಹತ್ತಲು ಹೊರಟಿದ್ದವನೆಂಬ ಗೌರವ ಉಳಿಯುತ್ತದೆ. ಅದೇ ದೇಶದ ರಾಕಿ ಮೌಂಟನ್ ಉದ್ಯಾನದ 4,346 ಮೀಟರ್ ಎತ್ತರದ ಲಾಂಗ್ಸ್ ಪೀಕ್‌ನದು ಬೇರೆಯೇ ಷರತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಸಿಡಿಲು ಸಾಮಾನ್ಯವಾದ್ದರಿಂದ, ಮಧ್ಯಾಹ್ನದೊಳಗೆ ಶಿಖರ ಬಿಟ್ಟಿಳಿಯಲು ಜನ ಬೆಳಗಿನ ಜಾವ ಮೂರಕ್ಕೂ ಮೊದಲೇ ಹೊರಡುತ್ತಾರೆ. ಆ ಹೊತ್ತಿಗೆ ಎದ್ದೇಳುವುದೇ ನನಗೊಂದು ಪರ್ವತಾರೋಹಣ.

ಇಷ್ಟೆಲ್ಲ ತಿಳಿದ ಮೇಲೆ, ಕಳೆದ ಸಲ ಮಾನ ಬಿಟ್ಟು 'ಸುಲಭ'ವನ್ನೇ ಆರಿಸಿದೆ. ಕೆರೆಯೊಂದರ ಸುತ್ತ ಹೋಗಿ ಬರುವ ಸಮತಟ್ಟು ಹಾದಿ. ಆರಿಸಿದವನು ನೆಮ್ಮದಿಯಿಂದ ಮಲಗಿದ. ಬೆಳಿಗ್ಗೆ ನಡೆಯುವವನು ಹೊರಟ. ಅರ್ಧ ಗಂಟೆಗೆ ಕವಲುದಾರಿ ಬಂತು. ಎಡಕ್ಕೆ ಕೆರೆ, ಬಲಕ್ಕೆ ಶಿಖರ ಎಂದು ಹಲಗೆ. ಬಲಗಡೆ ಮಂಜು ಸರಿದು, ತುದಿಯ ಬಂಡೆಗೆ ಎಳೆಬಿಸಿಲು ಬಿದ್ದಿತ್ತು. ಸುಮ್ಮನೆ ಮೊದಲ ತಿರುವಿನವರೆಗೆ ನೋಡಿ ಬರೋಣವೆಂದು ಶೂ ಲೇಸನ್ನು ಬಿಗಿದುಕೊಂಡೆ.