‘ಯುಗ ಯುಗಾದಿ ಕಳೆದರೂ’ ಡಿವಿಜಿ ಅವರದ್ದಲ್ಲ, ಬರೀ ಶುಭಾಶಯವೂ ಅಲ್ಲ

ಕೋಲಾರ, ಮುಳಬಾಗಿಲು ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಯುಗ ಯುಗಾದಿ ಕಳೆದರೂ’ ನಮ್ಮ ಡಿವಿಜಿ ಬರೆದ ಹಬ್ಬದ ಶುಭಾಶಯ ಗೀತೆ ಅಂತ. ಎರಡೂ ತಪ್ಪು.

ಡಿವಿಜಿ 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು, ಆ ಹೆಮ್ಮೆ ಇರಲಿ. ಆದರೆ ಈ ಕವನ ಧಾರವಾಡದ ದ.ರಾ. ಬೇಂದ್ರೆ ಅವರದ್ದು.

ಇನ್ನು ಶುಭಾಶಯದ ಮಾತು. ಶುರುವಿನ ಸಾಲುಗಳನ್ನಷ್ಟೇ ಹಾಡಿದರೆ ಹಾಗನಿಸುವುದು ಸಹಜ. ಹೊಂಗೆ ಹೂವಿನಲ್ಲಿ ದುಂಬಿಯ ಹಾಡು, ಕಹಿ ಬೇವಿನಲ್ಲೂ ನಸುಗಂಪು. (ನಮ್ಮ ರಸ್ತೆ ಬದಿಯ ಹೊಂಗೆಗಳೂ ಆ ಹೊತ್ತಿಗೆ ಎಳೆ ಹಸಿರಾಗಿರುತ್ತವೆ, ನೋಡಿರುತ್ತೀರಿ.) ಮುಂದೆ ಓದಿ. ಜೀವರಾಶಿಗೆಲ್ಲ ವರ್ಷಕ್ಕೊಂದು ಹೊಸ ಜನ್ಮ, ನಮಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಯಾಕೆ ಅಂತ ಕವಿ ಕೇಳುತ್ತಾರೆ. ದಿನಾ ನಿದ್ದೆಯಲ್ಲಿ ಸತ್ತು, ಎದ್ದಾಗ ಹೊಸದಾಗಿ ಹುಟ್ಟುವ ಭಾಗ್ಯ ನಮಗೇಕಿಲ್ಲ ಅನ್ನುತ್ತಾರೆ. ಯುಗಾದಿ ನಮ್ಮನ್ನಷ್ಟೇ ಮರೆತಿದೆ ಅಂತ ಕವನ ಮುಗಿಯುತ್ತದೆ. ಇದು ತಕರಾರು ಅಲ್ವಾ?

ಡಿವಿಜಿ ಪದ್ಯವೇ ಬೇಕೆಂದರೆ 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ಹೊಸ ಚಿಗುರು, ಹಳೆ ಬೇರಿನ ಪದ್ಯವಿದೆ. ಅಲ್ಲಿ ತಕರಾರಿಲ್ಲ. ಹಳೆಯದೂ ಹೊಸದೂ ಕೂಡಿದರೇ ಮರ ಚೆಂದ ಅನ್ನುವ ಸಮಾಧಾನ. ಹಬ್ಬಕ್ಕೆ ಅದೇ ಜಾಸ್ತಿ ಒಪ್ಪುತ್ತದೆ, ಸುಮ್ನೆ ಹೆಸರು ಅದಲು ಬದಲು ಮಾಡಬೇಡಿ.