ಗಾದಿ ಬಿಟ್ಟೇಳದ ಸಾಹುಕಾರರು

"ಅಣ್ಣಾ, ಅಪ್ಪನನ್ನು ಆರು ತಿಂಗಳು ನಿನ್ನ ಹತ್ತಿರ ಇಟ್ಟುಕೊ." ತಮ್ಮ ಗಂಗಾವತಿಯಿಂದ ಫೋನಿನಲ್ಲಿ ಹೀಗೆಂದಾಗ ನನಗೆ ಚುರುಕ್ಕೆಂದಿತು. ಆದರೂ ಅವನನ್ನು ಬೈಯಲು ಬಾಯಿ ಬರಲಿಲ್ಲ.

ಅಪ್ಪ ಬೀಜ, ಗೊಬ್ಬರದ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಕೆಲವು ವರ್ಷಗಳಾದವು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಹೊಸ ಖಾತೆ ಪುಸ್ತಕವನ್ನು ಅವನ ಕೈಗಿಟ್ಟು "ಇನ್ನು ನಿನ್ನದು" ಎಂದಿದ್ದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಊದುಬತ್ತಿ ಹಚ್ಚಿದವರು ಅವರೇ. ಇಂದಿಗೂ ಅವರೇ. ಲೈಸೆನ್ಸ್, ಜಿಎಸ್‌ಟಿ, ಬ್ಯಾಂಕ್ ಖಾತೆ ಎಲ್ಲ ತಮ್ಮನ ಹೆಸರಿನಲ್ಲಿವೆ. ಗಾದಿ ಮಾತ್ರ ಅಪ್ಪನದು. ಈಗ ಗೊಬ್ಬರ ಒಯ್ಯಲು ರೈತರು ಮಾರಾಟ ದಾಖಲಿಸುವ ಪಿಒಎಸ್ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ಒತ್ತಿ, ಚೀಟಿ ಹೊರಬಂದು, ತಮ್ಮನು ದುಡ್ಡಿಗೆ ಕೈ ಚಾಚುವಷ್ಟರಲ್ಲಿ ಗಾದಿಯಿಂದ ದನಿ ಬರುತ್ತದೆ: "ಅವರದು ಉದ್ರಿ ಬರೆದುಕೊ. ಸುಗ್ಗಿಗೆ ಕೊಡುತ್ತಾರೆ." ಯಂತ್ರದ ಲೆಕ್ಕದಲ್ಲಿ ಮಾಲು ಖರ್ಚಾಗಿದೆ, ಗಲ್ಲಾದಲ್ಲಿ ಬಿಡಿಗಾಸಿಲ್ಲ. ಕಂಪನಿಯವರಿಗೆ ಜವಾಬು ಹೇಳಬೇಕಾದವನು ತಮ್ಮ. ಅವನಿಗೇ ಸಕ್ಕರೆ ಕಾಯಿಲೆ ಶುರುವಾಗಿದೆ, ಬಜಾರಿಗೆ ಇನ್ನೂ 'ಸಣ್ಣ ಸಾಹುಕಾರ'.

ನಾನಿರುವುದು ಜರ್ಮನಿಯ ಮ್ಯುನ್‌ಸ್ಟರ್ ಹತ್ತಿರದ ಒಂದು ಪುಟ್ಟ ಊರಿನಲ್ಲಿ. ಇಲ್ಲಿಯೂ ಮೂರು ತಲೆಮಾರಿನ ಹಾರ್ಡ್‌ವೇರ್ ಅಂಗಡಿಯೊಂದಿತ್ತು. ಮೊಳೆಗಳನ್ನು ತೂಗಿ ಕೊಡುತ್ತಿದ್ದರು. ಒಂದೇ ಒಂದು ಸ್ಕ್ರೂ ಬೇಕೆಂದರೂ ಡ್ರಾಯರ್‌ಗಳನ್ನು ಎಳೆದೆಳೆದು ಹುಡುಕುತ್ತಿದ್ದರು. ಅದರ ಯಜಮಾನರು ತಮಗಿನ್ನು ಸಾಕೆಂದು ವರ್ಷ ಮೊದಲೇ ಊರಿಗೆಲ್ಲ ಹೇಳಿದರು. ಮಕ್ಕಳು ಬೇಡವೆಂದಾಗ ಗಾಜಿನ ಮೇಲೆ ಚೀಟಿ ಅಂಟಿಸಿ, ಇದ್ದ ಮಾಲನ್ನು ಅರ್ಧ ಬೆಲೆಗೆ ಮಾರಿ ಬೀಗ ಹಾಕಿದರು. ಮುಗಿಯಿತು.

ಕೆಲವು ತಿಂಗಳ ನಂತರ ನೋಡಿದರೆ 'ಬ್ಯುರ್ಗರ್‌ಬುಸ್' ಚಾಲಕರ ಸೀಟಿನಲ್ಲಿ ಕುಳಿತಿದ್ದಾರೆ! ದೊಡ್ಡ ಬಸ್ಸು ಬಾರದ ಹಳ್ಳಿಗಳಿಗೆಂದು ಊರವರೇ ಸಂಘ ಕಟ್ಟಿಕೊಂಡು, ಸಂಬಳವಿಲ್ಲದ ಚಾಲಕರಿಂದ ಓಡಿಸುವ ಎಂಟು ಸೀಟಿನ ಬಸ್ಸು ಅದು. ಜರ್ಮನಿಯಲ್ಲಿ ಇಂಥ ಮೊದಲ ಬಸ್ಸು 1985ರಲ್ಲಿ ಓಡಿದ್ದು ಇದೇ ಸೀಮೆಯ ಹೇಕ್, ಲೆಗ್ಡನ್ ಎಂಬ ಊರುಗಳಲ್ಲಿ. ಓಡಿಸಬೇಕೆಂದರೆ ವೈದ್ಯಕೀಯ ತಪಾಸಣೆಯಾಗಬೇಕು, ಪ್ರಯಾಣಿಕರನ್ನು ಕರೆದೊಯ್ಯಲು ಬೇರೆಯೇ ಪರವಾನಗಿ ಪಡೆಯಬೇಕು. ಆ ವಯಸ್ಸಿನಲ್ಲಿ ಅದೆಲ್ಲ ಮಾಡಿಕೊಂಡಿದ್ದಾರೆ ಪುಣ್ಯಾತ್ಮ. ಅಜ್ಜಿಯೊಬ್ಬರ ನಡಿಗೆಗಾಡಿಯನ್ನು ಮಡಚಿ ಹಿಂದಿಟ್ಟು, ಅವರ ಸೀಟ್ ಬೆಲ್ಟ್ ಸಿಕ್ಕಿಸಿ, ಕೈ ಒರೆಸಿಕೊಂಡು ಬಂದು ಕುಳಿತರು. "ಅಂಗಡಿಯ ನೆನಪಾಗುವುದಿಲ್ಲವೇ?" ಎಂದು ಕೇಳಿದೆ. "ನಿಮಗೆ ಯಾವ ಸ್ಟಾಪು?" ಎಂದರು.

ನಮ್ಮ ಸಾಹುಕಾರರಿಗೆ ಇದೇಕೆ ಆಗದು? ಗಂಗಾವತಿಯ ಬಜಾರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅಡತಿ ಅಂಗಡಿ, ಬಟ್ಟೆ ಅಂಗಡಿ, ರೈಸ್ ಮಿಲ್ಲು, ಎಲ್ಲಿ ನೋಡಿದರೂ ತಲೆ ನರೆತ ಮಕ್ಕಳು ಗಿರಾಕಿಗಳೆದುರೇ ಅಪ್ಪಂದಿರಿಂದ ಬೈಸಿಕೊಳ್ಳುತ್ತಿರುತ್ತಾರೆ. ಸ್ವಂತ ಬುದ್ಧಿಯಿಂದ ಒಂದು ಲಾರಿ ಮಾಲು ತರಿಸಿ ನಷ್ಟ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಆ ಮಕ್ಕಳಿಗಿಲ್ಲ. ಗಾದಿ ಬಿಟ್ಟರೆ ನಮಸ್ಕಾರ ಮಾಡುವವರು ಕಡಿಮೆಯಾಗುತ್ತಾರೆಂಬ ಭಯ ಹಿರಿಯರಿಗೆ. ಇದನ್ನು ದುಡಿಮೆಯ ಚಟ ಎಂದು ಹೊಗಳುವವರ ಮೇಲೆ ನನಗೆ ಸಿಟ್ಟಿದೆ.

ಹಟ ಹಿಡಿದು ಇಷ್ಟು ಬರೆದ ಮೇಲೆ ಇದೊಂದನ್ನು ಮುಚ್ಚಿಟ್ಟರೆ ತಮ್ಮನೇ ನಗುತ್ತಾನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ಕೆಳಗೆ ಭತ್ತದ ನಾಟಿ ನಡೆದಿದ್ದ ಹೊತ್ತು. ನಮ್ಮ ಉದ್ರಿಯೆಲ್ಲ ಗದ್ದೆಯಲ್ಲಿತ್ತು. ಕಂಗಾಲಾದ ತಮ್ಮ ಇನ್ನು ರೊಕ್ಕ ಕೊಟ್ಟವರಿಗಷ್ಟೇ ಮಾಲು ಎಂದ. ಅಪ್ಪ ಒಪ್ಪಲಿಲ್ಲ. ವಾರದ ಹೊತ್ತಿಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗೇಟು ಇಳಿಸಿ ನೀರು ತಡೆದರು, ಬೆಳೆ ಉಳಿಯಿತು. ಸುಗ್ಗಿ ಮುಗಿದು ರೈತರು ರೊಕ್ಕ ತಂದ ದಿನ ಅಪ್ಪ ಊರಲ್ಲಿರಲಿಲ್ಲ. ಜಾತ್ರೆಯ ದಾಸೋಹಕ್ಕೆ ಓಣಿಯವರ ರೊಟ್ಟಿ ತುಂಬಿಕೊಂಡು ಕೊಪ್ಪಳದ ಗವಿಮಠಕ್ಕೆ ಹೋಗಿದ್ದರು. ಬಂದವರಲ್ಲಿ ಅರ್ಧದಷ್ಟು ಮಂದಿ ತಮ್ಮನ ಕೈಗೆ ಕೊಡದೆ, ಚಹಾ ಕುಡಿಯುತ್ತಾ ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತಿದ್ದರಂತೆ. ಇಲ್ಲಿಯೋ, ಬೀಗ ಹಾಕಿದ ಆ ಅಂಗಡಿಗೆ ಇನ್ನೂ ಬಾಡಿಗೆದಾರರು ಸಿಕ್ಕಿಲ್ಲ. ಒಂದು ಸ್ಕ್ರೂ ಬೇಕೆಂದರೂ ಕಾರು ತೆಗೆದು ಊರಾಚೆಯ ದೊಡ್ಡ ಮಳಿಗೆಗೆ ಹೋಗಿ ಇಡೀ ಪೊಟ್ಟಣ ತರಬೇಕು.

ಸರಿ, ಅಪ್ಪ ಗಾದಿಯ ಮೇಲೆ ಕೂರಲಿ. ಗಲ್ಲಾದ ಕೀಲಿಯನ್ನಾದರೂ ತಮ್ಮನಿಗೆ ಕೊಡಬಹುದಲ್ಲ? ಕಳೆದ ಸಲ ಊರಿಗೆ ಹೋದಾಗ ಇದನ್ನೇ ಹೇಳಿದೆ. ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದರು. ಬೀದಿಯ ಆ ತುದಿಯಲ್ಲಿ ಯೂರಿಯಾ ಲಾರಿ ಬಂತೆಂದು ಹಮಾಲರು ಮಾತಾಡಿಕೊಂಡರೂ ಅವರಿಗೆ ಕೇಳಿಸುತ್ತದೆ.