ಒಂದು ಕಾಳುಮೆಣಸು ಬಾಡಿಗೆ

ಮೊನ್ನೆ ಭಾನುವಾರ ಪೇಪರಿನ ಮುಖಪುಟವನ್ನೇ ನುಂಗಿಕೊಂಡು ಒಂದು ಜಾಹೀರಾತು ಬಂದಿತ್ತು. 'ಲಂಡನ್ನಿನಲ್ಲಿ ನಿಮ್ಮ ಸ್ವಂತ ಮನೆ'. ಥೇಮ್ಸ್ ನದಿ, ಬಾಲ್ಕನಿ, ಗ್ಲಾಸ್ ಹಿಡಿದು ನಗುವ ದಂಪತಿ. ಬೆಂಗಳೂರಿನ ಸ್ಟಾರ್ ಹೋಟೆಲಿನಲ್ಲಿ ಎರಡು ದಿನದ ಮೇಳ. ಪ್ರವೇಶ ಉಚಿತ, ತಿಂಡಿಯೂ ಉಚಿತ. ನಾನು ಯಾವುದಕ್ಕೆ ಹೋದೆ ಅಂತ ಬೇರೆ ಹೇಳಬೇಕಿಲ್ಲ.

ಟೈ ಕಟ್ಟಿದ ಹುಡುಗನೊಬ್ಬ ಎರಡು ರೂಮಿನ ಫ್ಲ್ಯಾಟ್ ತೋರಿಸಿದ. ಪೌಂಡನ್ನು ರೂಪಾಯಿ ಮಾಡಿ ನೋಡಿ, ಒಂದು ಲೋಟ ನೀರು ಕುಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಲೀಸ್‌ಹೋಲ್ಡ್, 125 ವರ್ಷ' ಅಂತ ಇತ್ತು.

ಲೀಸ್ ಅಂದರೆ ಬೆಂಗಳೂರಿನವನಿಗೆ ಗೊತ್ತಿಲ್ಲವೇ? ಓನರಿಗೆ 20 ಲಕ್ಷ ಕೊಡುತ್ತೀರಿ. ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತೀರಿ. ಖಾಲಿ ಮಾಡುವಾಗ 20 ಲಕ್ಷವೂ ವಾಪಸು (ಓನರ್ ಫೋನ್ ಎತ್ತಿದರೆ). ಅಜ್ಜಂದಿರು ಭೋಗ್ಯ ಅನ್ನುತ್ತಿದ್ದದ್ದು ಇದನ್ನೇ. ಲಂಡನ್ನಿನ ಲೀಸ್ ಬೇರೆ ಜಾತಿಯದು. ಮನೆಯ ಬೆಲೆ ಕೋಟಿಗಳಲ್ಲಿ ಮೊದಲೇ ಕಟ್ಟಬೇಕು. ಆಮೇಲೆ ವರ್ಷ ವರ್ಷ ನೆಲಬಾಡಿಗೆ, ಅದರ ಮೇಲೆ ಸರ್ವೀಸ್ ಚಾರ್ಜ್. ಅವಧಿ ಮುಗಿದ ಮೇಲೆ ಬೀಗದ ಕೈ ವಾಪಸು, ದುಡ್ಡು ಮಾತ್ರ ಇಲ್ಲ. ನೆಲಬಾಡಿಗೆ ಬಾಕಿ 350 ಪೌಂಡ್ ದಾಟಿದರೆ ನೆಲದ ಒಡೆಯ ಕೋರ್ಟಿಗೆ ಹೋಗಿ ಲೀಸನ್ನೇ ಕಿತ್ತುಕೊಳ್ಳಬಹುದು. ಎಂಥ ಬುದ್ಧಿವಂತರು! ಇವರು ನಮ್ಮನ್ನು ಅಷ್ಟು ವರ್ಷ ಸುಮ್ನೆ ಆಳಲಿಲ್ಲ.

ಹಳೆಯ ಕೆಲವು ಕರಾರುಗಳಲ್ಲಿ ನೆಲಬಾಡಿಗೆ ಪ್ರತಿ 10 ವರ್ಷಕ್ಕೆ ದುಪ್ಪಟ್ಟಾಗುತ್ತಿತ್ತು. 250 ಪೌಂಡಿನಿಂದ ಶುರುವಾದರೆ 50 ವರ್ಷಕ್ಕೆ 8,000. ಜನ ಬೊಬ್ಬೆ ಹೊಡೆದರು. 2022ರ ಜೂನ್ 30ರಿಂದ ಹೊಸ ಲೀಸುಗಳಿಗೆ ನೆಲಬಾಡಿಗೆ ಬೇಡ ಅಂತ ಕಾನೂನು ಬಂತು. ಆದರೆ ಬಾಡಿಗೆ ಸೊನ್ನೆ ಅಂತ ಬರೆಯಲು ಇಂಗ್ಲಿಷರಿಗೆ ಕೈ ಬರಲಿಲ್ಲ. 'ವರ್ಷಕ್ಕೆ ಒಂದು ಕಾಳುಮೆಣಸು' ಅಂತ ಬರೆದರು. ತಮಾಷೆಯಲ್ಲ, ಕಾನೂನಿನಲ್ಲೇ ಹಾಗಿದೆ. ಶಿರಸಿಯ ಮಾವನಿಗೆ ಫೋನ್ ಮಾಡಿ ಹೇಳಿದೆ. ಮಾವ ಸ್ವಲ್ಪ ಯೋಚಿಸಿ, "ಜೊಳ್ಳು ಕಾಳು ಕೊಟ್ಟರೂ ನಡೀತದಾ?" ಅಂದರು. ಇದೇ ಕಾಳಿನ ವ್ಯಾಪಾರಕ್ಕೆ ಸಮುದ್ರ ದಾಟಿ ಬಂದ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದಿದ್ದರಂತೆ. ಆಕೆ ಇದ್ದಿದ್ದರೆ ಒಂದು ಮೂಟೆ ಕಳಿಸಿ ಇಡೀ ಬೀದಿಯ ಬಾಡಿಗೆ ತೀರಿಸುತ್ತಿದ್ದಳು.

ಇನ್ನು ಮದುವೆಯ ವಿಷಯ. ಲೀಸ್ 80 ವರ್ಷಕ್ಕಿಂತ ಕಡಿಮೆ ಉಳಿದಾಗ ಮುಂದುವರಿಸಲು ಹೋದರೆ 'ಮ್ಯಾರೇಜ್ ವ್ಯಾಲ್ಯೂ' ಕೊಡಬೇಕು. ಲೀಸ್ ಬೆಳೆಸಿದ್ದಕ್ಕೆ ಆಸ್ತಿಯ ಬೆಲೆ ಏರುತ್ತದಲ್ಲ, ಅದರಲ್ಲಿ ಅರ್ಧ ನೆಲದ ಒಡೆಯನಿಗೆ. ನಾವು ಇದನ್ನು ವರದಕ್ಷಿಣೆ ಅನ್ನುತ್ತೇವೆ. 1961ರಲ್ಲೇ ನಿಷೇಧ ಮಾಡಿದ್ದೇವೆ, ಕಾಗದದ ಮೇಲಾದರೂ. ಅವರು 2024ರಲ್ಲಿ ರದ್ದು ಮಾಡುವ ಕಾನೂನು ತಂದರು, 2025 ಕಳೆಯುವವರೆಗೂ ಅದರ ಜಾರಿಗೆ ಮುಹೂರ್ತ ಕೂಡಿ ಬರಲಿಲ್ಲ. ಅವಸರ ಯಾಕೆ ಹೇಳಿ? ಲಂಡನ್ನಿನ ಅತಿ ದುಬಾರಿ ಬಡಾವಣೆಗಳಾದ ಮೇಫೇರ್ ಮತ್ತು ಬೆಲ್‌ಗ್ರೇವಿಯಾ ಗ್ರೋವ್ನರ್ ಕುಟುಂಬಕ್ಕೆ ಸಿಕ್ಕಿದ್ದೇ ಮದುವೆಯಿಂದ. 1677ರಲ್ಲಿ ಸರ್ ಥಾಮಸ್ ಗ್ರೋವ್ನರ್ ಮೇರಿ ಡೇವಿಸ್‌ಳನ್ನು ಮದುವೆಯಾದ. ಅವಳ ಪಾಲಿಗೆ ಬಂದಿದ್ದದ್ದು ಊರಾಚೆಯ ಗದ್ದೆ, ಜೌಗು. ಅವಳ ವಯಸ್ಸು 12. ಆ ನೆಲದ ದೊಡ್ಡ ಭಾಗ ಇವತ್ತಿಗೂ ಆ ಕುಟುಂಬದ್ದೇ.

ಹುಡುಗನ ಉತ್ಸಾಹ ಇಳಿಯಲಿಲ್ಲ. ರಿಸರ್ವ್ ಬ್ಯಾಂಕ್ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಾತ್ರ ಹೊರಗೆ ಕಳಿಸಲು ಬಿಡುತ್ತದೆ. "ಹಾಗಾಗಿ ಮೇಡಂ, ಮಕ್ಕಳು, ಅಪ್ಪ, ಅಮ್ಮ ಎಲ್ಲರ ಹೆಸರಲ್ಲೂ ಕಳಿಸಿ ಸರ್" ಅಂದ. ಪಾಲಾಗಿ ಮಾತು ಬಿಟ್ಟಿದ್ದ ಮನೆಗಳನ್ನು ಲಂಡನ್ ಒಂದು ಮಾಡುತ್ತಿದೆ ನೋಡಿ. ಸ್ಟ್ಯಾಂಪ್ ಡ್ಯೂಟಿಯಲ್ಲಿ ಹೊರಗಿನವನು ಅಂತ ಶೇ. 2 ಜಾಸ್ತಿ. ಪ್ರಪಂಚದ ಯಾವ ಮೂಲೆಯಲ್ಲಾದರೂ ಒಂದಿಷ್ಟು ಬೆಲೆ ಬಾಳುವ ಇನ್ನೊಂದು ಮನೆ ಇದ್ದರೆ ಮತ್ತೆ ಶೇ. 5. ಅಂದರೆ ಅರಸೀಕೆರೆಯ ಮನೆಯೂ ಲೆಕ್ಕಕ್ಕೆ ಬರುತ್ತದೆ. ಅರಸೀಕೆರೆಯನ್ನು ಇಷ್ಟು ಗೌರವದಿಂದ ಯಾವ ಸರ್ಕಾರ ನೆನೆದಿತ್ತು? ಇಷ್ಟೆಲ್ಲ ಕಟ್ಟಿದ ಮೇಲೆ ವೀಸಾ? ಅದು ಮನೆಯ ಜೊತೆ ಬರುವುದಿಲ್ಲ. ಸ್ವಂತ ಮನೆಗೆ ಪ್ರವಾಸಿಯಾಗಿ ಹೋಗಿ, ಆರು ತಿಂಗಳೊಳಗೆ ಎದ್ದು ಬರಬೇಕು.

ಇಲ್ಲಿಯವರೆಗೆ ನಗು ಬರುತ್ತಿತ್ತು. 2017ರ ಜೂನ್ 14ರಂದು ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿಯಿತು. 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಹಲಗೆಗೆ ಬೆಂಕಿ ಹಿಡಿದಿತ್ತು. ಹುಡುಕಿದಾಗ ಊರ ತುಂಬ ಅಪಾಯದ ಗೋಡೆಗಳೇ. ಅವನ್ನು ಕಿತ್ತು ಹೊಸದು ಹಾಕುವ ಖರ್ಚು ಯಾರಿಗೆ ಹೋಯಿತು? ಬಹಳ ಕಡೆ ಕಟ್ಟಿದವನಿಗಲ್ಲ, ನೆಲದ ಒಡೆಯನಿಗಲ್ಲ. ಲೀಸಿನ ಮೇಲೆ ಒಳಗಿದ್ದವರ ಮನೆಗೆ ಬಿಲ್ ಬಂತು. ಗೋಡೆ ಅವರದಲ್ಲ, ಬಿಲ್ ಅವರದು. ಮಾರೋಣ ಅಂದರೆ ಅಂಥ ಫ್ಲ್ಯಾಟಿಗೆ ಆಗ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಹಲವರಿಗೆ ರಕ್ಷಣೆ ಕೊಡುವ ಕಾನೂನು ಬಂದದ್ದು 2022ರಲ್ಲಿ. ಐದು ವರ್ಷ ಜನ ಆ ಗೋಡೆಗಳ ಒಳಗೇ ರಾತ್ರಿ ಮಲಗಿದರು. ಇದಕ್ಕೆ ಏನು ತಮಾಷೆ ಮಾಡುವುದು?

ಗೋಡೆ ಯಾರದ್ದು ಅಂತ ಹುಡುಗನನ್ನು ಕೇಳಿದೆ. "ನಮ್ಮದು ಹೊಸ ಬಿಲ್ಡಿಂಗ್ ಸರ್" ಅಂದ. ಪಕ್ಕದ ಟೇಬಲಿನಲ್ಲಿ ಒಂದು ಜೋಡಿ ಬುಕಿಂಗ್ ಹಣ ಕಟ್ಟಿ ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ಅವನು ನನ್ನ ಪ್ಲೇಟಿಗೆ ಇನ್ನೊಂದು ಸಮೋಸ ಹಾಕಿದ. ಬೇಡ ಅನ್ನಲಿಲ್ಲ, ತಿಂದೆ.